ಕಪುವಾಸ್ ಹುಲು: ಈ ಗಡಿ ಇಷ್ಟು ಅಂಕುಡೊಂಕಾಗಿರುವುದೇಕೆ?

ದಿಕ್ಸೂಚಿ: ಬೋರ್ನಿಯೊ ದ್ವೀಪದ ನಕ್ಷೆಯಲ್ಲಿ ಇಂಡೊನೇಷ್ಯಾದ ಪಶ್ಚಿಮ ಕಲಿಮಂತಾನ್ ಮತ್ತು ಮಲೇಷ್ಯಾದ ಸರವಾಕ್ ನಡುವಿನ ಗಡಿ ಒಂದು ಕಡೆಯೂ ನೆಟ್ಟಗಿಲ್ಲ. ವಸಾಹತುಗಾರರು ಆಫ್ರಿಕಾದಲ್ಲಿ ಅಡಿಪಟ್ಟಿ ಇಟ್ಟು ಗೆರೆ ಎಳೆದರು, ಇಲ್ಲೇಕೆ ಹಾಗೆ ಮಾಡಲಿಲ್ಲ? ಒಳನಾಡಿನ ಕಪುವಾಸ್ ಹುಲು ಜಿಲ್ಲೆಯನ್ನು ಬಲ್ಲವರು ತಿಳಿಸಿ.

ಹಳೆಯ ನಕ್ಷೆಗಾರ: ನಕ್ಷೆ ಬರೆಯುವುದೇ ನನ್ನ ಕಸುಬಾಗಿತ್ತು, ಆದ್ದರಿಂದ ಉತ್ತರ ತುಸು ಉದ್ದವಾದರೆ ಸಹಿಸಿಕೊಳ್ಳಿ. ಆ ಗೆರೆಯನ್ನು ಎಳೆದದ್ದು ಮಳೆನೀರು. 1891ರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್ ಲಂಡನ್‌ನಲ್ಲಿ ಕುಳಿತು ಬೆಟ್ಟಸಾಲಿನ ನೆತ್ತಿಯನ್ನೇ ಗಡಿ ಎಂದು ಒಪ್ಪಿಕೊಂಡವು. ಉತ್ತರಕ್ಕೆ ಹರಿಯುವ ನೀರಿನ ಸೀಮೆ 1841ರಿಂದ ಸರವಾಕ್ ಆಳುತ್ತಿದ್ದ ಬ್ರಿಟಿಷ್ ಮೂಲದ ಬ್ರೂಕ್ ಮನೆತನಕ್ಕೆ. ದಕ್ಷಿಣಕ್ಕೆ ಇಳಿದು ಕಪುವಾಸ್ ನದಿ ಸೇರುವ ನೀರಿನ ಸೀಮೆ ಡಚ್ಚರಿಗೆ. ಸಹಿ ಹಾಕಿದವರು ಆ ಕಾಡು ಹತ್ತಬೇಕಾದ ಪ್ರಮೇಯವೇ ಬರಲಿಲ್ಲ, ಎಷ್ಟು ಅನುಕೂಲ ನೋಡಿ!

ನದಿಗೆ ಸರಿಹೊಂದಿದ ಈ ಗೆರೆ ಜನರಿಗೆ ಹೊಂದಲಿಲ್ಲ. ಕಪುವಾಸ್ ಹುಲುವಿನ ಗಡಿ ಊರಾದ ಬಡಾವ್ ಸುತ್ತ ಬೆಟ್ಟಗಳು ತಗ್ಗು, ನಡೆದೇ ದಾಟಬಹುದು. ಹಲವು ಕುಟುಂಬಗಳು ಒಂದೇ ಸೂರಿನಡಿ ಇರುವ ಉದ್ದಮನೆಗಳಲ್ಲಿ ಬಾಳುವ ಇಬಾನ್ ಜನರ ನೆಂಟಸ್ತನ ಎರಡೂ ಬದಿಗೆ ಹಬ್ಬಿದೆ. ಬ್ರೂಕ್ ಪಡೆ ಬೆನ್ನಟ್ಟಿದಾಗ ಅವರು ಬೆಟ್ಟ ದಾಟಿ ಡಚ್ಚರ ಬದಿಗೆ ಬಂದುಬಿಡುತ್ತಿದ್ದರು. ಒಪ್ಪಂದಕ್ಕೆ ಮುಂಚೆಯೇ, 1886ರಲ್ಲಿ, ಆ ಪಡೆ ಡಚ್ಚರ ಸೀಮೆಯೊಳಕ್ಕೂ ಬಂದು ಉದ್ದಮನೆಗಳನ್ನು ಸುಟ್ಟಿತು. 1963ರಿಂದ 1966ರವರೆಗೆ ಇಂಡೊನೇಷ್ಯಾ ಮತ್ತು ಮಲೇಷ್ಯಾ ಸೆಣಸಿದಾಗಲೂ ಸೈನಿಕರು ಓಡಾಡಿದ್ದು ಇದೇ ಬೆಟ್ಟಗಳಲ್ಲಿ.

ದಿಕ್ಸೂಚಿ: ಹಾಗಾದರೆ ಗಡಿಗೆ ಅಂಟಿಕೊಂಡಂತಿರುವ ಆ ಸರೋವರಗಳು?

ಹಳೆಯ ನಕ್ಷೆಗಾರ: ಡಾನಾವ್ ಸೆಂಟಾರುಮ್. ಅದರ ನೀರು ಕಪುವಾಸ್‌ಗೆ ಸೇರುತ್ತದೆ, ಹಾಗಾಗಿ ಪೂರ್ತಿ ಇಂಡೊನೇಷ್ಯಾದ್ದು. ಆದರೆ ನಕ್ಷೆಯ ನೀಲಿ ಬಣ್ಣವನ್ನು ನಂಬಬೇಡಿ. 1,143 ಕಿ.ಮೀ. ಉದ್ದದ ಕಪುವಾಸ್ ಇಂಡೊನೇಷ್ಯಾದ ಅತಿ ಉದ್ದದ ನದಿ. ಮಳೆಗಾಲದಲ್ಲಿ ಅದು ಉಕ್ಕಿ ಸರೋವರಗಳನ್ನು ತುಂಬುತ್ತದೆ, ಬೇಸಗೆಯಲ್ಲಿ ಅವು ಆ ನೀರನ್ನು ನದಿಗೇ ಮರಳಿ ಬಿಟ್ಟು ಬಹುಪಾಲು ಬರಿದಾಗುತ್ತವೆ. ಇಂಥದ್ದಕ್ಕೆ ಯಾವ ದಡ ಬರೆಯುವುದು?

ಜೇನುಹುಳು: ಅಲ್ಲಿನ ಮೀನುಗಾರರು ಜೇನನ್ನೂ ಕೊಯ್ಯುತ್ತಾರೆ. ತೆಂಬೆಸು ಮರದ ಹಲಗೆಯನ್ನು ಕೆತ್ತಿ, ನೀರಿನಲ್ಲಿ ನಿಂತ ಮರಗಳ ಕೊಂಬೆಗಳ ನಡುವೆ ಓರೆಯಾಗಿ ಕೂರಿಸುತ್ತಾರೆ. ಅದು ಕೊಂಬೆಯೇ ಎಂದುಕೊಂಡು ಹೆಜ್ಜೇನು ಬಂದು ತಟ್ಟಿ ಕಟ್ಟುತ್ತದೆ. ಇದಕ್ಕೆ ತಿಕುಂಗ್ ಎನ್ನುತ್ತಾರೆ. ಯಾರ ಹಲಗೆ ಎಂದು ತಿಳಿಯಲು ಅದರ ಮೇಲೆ ಒಡೆಯನ ಗುರುತು ಕೆತ್ತಿರುತ್ತದೆ. 1999ರಲ್ಲಿ ಡಾನಾವ್ ಸೆಂಟಾರುಮ್ ರಾಷ್ಟ್ರೀಯ ಉದ್ಯಾನವಾಯಿತು.

ದಿಕ್ಸೂಚಿ: ಈಗ ಗಡಿ ದಾಟುವುದು ಹೇಗೆ?

ಹಳೆಯ ನಕ್ಷೆಗಾರ: ಬಡಾವ್‌ನಲ್ಲಿ ಹೊಸ ಗಡಿಠಾಣೆಯ ಕಟ್ಟಡವಿದೆ, 2017ರಲ್ಲಿ ಅಧ್ಯಕ್ಷ ಜೋಕೊ ವಿಡೋಡೊ ಉದ್ಘಾಟಿಸಿದರು. ಆಚೆಗೆ ಸರವಾಕ್‌ನ ಲುಬೋಕ್ ಅಂತು ಎಂಬ ಊರು. ಜಿಲ್ಲಾ ಕೇಂದ್ರ ಪುಟುಸ್ಸಿಬಾವ್‌ನಿಂದ ಪ್ರಾಂತ್ಯದ ರಾಜಧಾನಿ ಪೊಂಟಿಯಾನಕ್‌ಗೆ ನದಿಯ ಹಾದಿ 800 ಕಿ.ಮೀ.ಗೂ ಹೆಚ್ಚು. ಬಡಾವ್‌ನವರಿಗಂತೂ ಪಕ್ಕದ ದೇಶದ ಪೇಟೆಯೇ ಹತ್ತಿರ. ಇಂಡೊನೇಷ್ಯಾದ ರುಪಿಯಾ ಜೊತೆಗೆ ಮಲೇಷ್ಯಾದ ರಿಂಗಿಟ್ ಕೂಡ ಅಲ್ಲಿ ಚಲಾವಣೆಯಾಗುವುದರಲ್ಲಿ ಏನು ಸೋಜಿಗ? ನೀವು ಮತ್ತೆ ನಕ್ಷೆ ತೆರೆದಾಗ ಗಡಿಗೆರೆಯನ್ನು ಬಿಟ್ಟು ಹೊಳೆಗಳನ್ನು ಮಾತ್ರ ನೋಡಿ, ಗಡಿ ತಾನಾಗಿಯೇ ಕಾಣುತ್ತದೆ.