ಜೋಡಣೆ ಕೈಪಿಡಿಗೆ 2ಡಿ ನೋಟವೋ 3ಡಿ ನೋಟವೋ?

ಪ್ರಶ್ನೆ: ಮರದ ಪುಸ್ತಕದ ಕಪಾಟೊಂದಕ್ಕೆ ಜೋಡಣೆ ಕೈಪಿಡಿ ಮಾಡ್ತಿದ್ದೇನೆ. ಎದುರಿನ ನೋಟ, ಮೇಲಿನ ನೋಟ, ಪಕ್ಕದ ನೋಟ ಮೂರನ್ನೂ ಅಳತೆ ಸಮೇತ ಬರೆದು ಕೊಟ್ಟೆ. ಕೊಂಡವರಿಗೆ ಅರ್ಥ ಆಗಲ್ಲ, 3ಡಿ ಮಾಡಿ ಅಂತ ವಾಪಸ್ ಬಂದಿದೆ. ಪರ್ಸ್ಪೆಕ್ಟಿವ್‌ನಲ್ಲಿ ಬರೆದು ಅದರ ಮೇಲೇ ಅಳತೆ ಹಾಕಿದರೆ ಸಾಕಾ? 2ಡಿ ಪೂರ್ತಿ ತೆಗೆದುಬಿಡಲಾ?

ಉತ್ತರ (ತಾಂತ್ರಿಕ ಚಿತ್ರ ಬರೆಯುವವರು): ಪರ್ಸ್ಪೆಕ್ಟಿವ್ ಮೇಲೆ ಅಳತೆ ಹಾಕಬೇಡಿ. ಅದರಲ್ಲಿ ದೂರ ಹೋದಷ್ಟೂ ಗಾತ್ರ ಕುಗ್ಗುತ್ತದೆ. ಮುಂದಿನ ಹಲಗೆ, ಹಿಂದಿನ ಹಲಗೆ ಒಂದೇ ಉದ್ದದವಾದರೂ ಹಿಂದಿನದು ಗಿಡ್ಡ ಕಾಣುತ್ತದೆ, ಜೋಡಿಸುವವರು ಇಲ್ಲದ ಗಿಡ್ಡ ಹಲಗೆಯನ್ನು ಹುಡುಕುತ್ತಾ ಕೂರುತ್ತಾರೆ.

2ಡಿ ನೋಟದಲ್ಲಿ ಉದ್ದ ನಿಜ, ಕೋನ ನಿಜ. ಆದರೆ ಪ್ರತಿ ನೋಟವೂ ಒಂದು ಆಯಾಮವನ್ನು ಬಿಟ್ಟಿರುತ್ತದೆ. ಎದುರಿನಿಂದಲೂ ಮೇಲಿನಿಂದಲೂ ಚೌಕವಾಗಿ ಕಾಣುವ ವಸ್ತು ಘನವೇ ಆಗಬೇಕಿಲ್ಲ, ಕರ್ಣಕ್ಕೆ ಸೀಳಿದ ಬೆಣೆಯೂ ಆಗಬಹುದು. ಅದನ್ನು ಹೇಳುವುದು ಪಕ್ಕದ ನೋಟ ಮಾತ್ರ. ಮೂರನ್ನೂ ತಲೆಯಲ್ಲಿ ಕೂಡಿಸಿಕೊಳ್ಳಲು ಅಭ್ಯಾಸ ಬೇಕು. ಬಡಗಿಗೆ ಅದು ಇರುತ್ತದೆ, ಕೊಂಡವರಿಗೆ ಇರುವುದಿಲ್ಲ.

ನಿಮಗೆ ಬೇಕಾದದ್ದು ಐಸೋಮೆಟ್ರಿಕ್. ಲಂಬ ಗೆರೆ ಲಂಬವಾಗಿಯೇ ಇರುತ್ತದೆ, ಅಗಲ ಮತ್ತು ಆಳ ಎರಡೂ ಅಡ್ಡಗೆರೆಗೆ 30° ಓರೆ. ಮೂರು ಅಕ್ಷಕ್ಕೂ ಒಂದೇ ಸ್ಕೇಲ್, ಸಮಾಂತರ ಗೆರೆಗಳು ಸಮಾಂತರವಾಗಿಯೇ ಉಳಿಯುತ್ತವೆ, ಹಾಗಾಗಿ ಸಮ ಹಲಗೆಗಳು ಸಮವಾಗಿಯೇ ಕಾಣುತ್ತವೆ. ಲೆಕ್ಕದ ಪ್ರಕಾರ ಪ್ರತಿ ಅಕ್ಷವೂ ಸುಮಾರು 82%ಕ್ಕೆ ಕುಗ್ಗಬೇಕು. ಬರೆಯುವಾಗ ಪೂರ್ತಿ ಅಳತೆಯನ್ನೇ ಇಡುವುದು ವಾಡಿಕೆ. ಚಿತ್ರ ಸ್ವಲ್ಪ ದೊಡ್ಡದಾಗುತ್ತದೆ ಅಷ್ಟೇ. ಓರೆ ಪಟ್ಟಿ ಇದ್ದರೆ ಮಾತ್ರ ಎಚ್ಚರ: ಅಕ್ಷಕ್ಕೆ ಸಮಾಂತರವಲ್ಲದ ಗೆರೆಯ ಉದ್ದ ನಿಜವಲ್ಲ. ಅದರ ಎರಡು ತುದಿಗಳನ್ನು ಅಕ್ಷಗಳ ಮೇಲೆ ಅಳೆದು ಗುರುತಿಸಿ, ಆಮೇಲೆ ಸೇರಿಸಿ.

ಭಾಗಗಳನ್ನು ಬಿಡಿಸಿ ತೋರಿಸುವಾಗ ಪ್ರತಿ ಭಾಗವನ್ನೂ ಅದು ಕೂರುವ ದಿಕ್ಕಿನಲ್ಲೇ ಹೊರಗೆ ಎಳೆಯಿರಿ. ಜಾಗ ಸಾಲದು ಅಂತ ಓರೆಯಾಗಿ ಸರಿಸಿದರೆ ಯಾವ ಸ್ಕ್ರೂ ಯಾವ ತೂತಿಗೆ ಅನ್ನುವುದೇ ಕೈತಪ್ಪುತ್ತದೆ. ಸ್ಕ್ರೂದಿಂದ ತೂತಿಗೆ ತೆಳು ಸರಪಳಿ ಗೆರೆ (ಒಂದು ಉದ್ದ, ಒಂದು ಗಿಡ್ಡ ತುಂಡಿನ ಗೆರೆ) ಹಾಕಿ. ಹೊರಗೆರೆ 0.5 ಮಿ.ಮೀ., ಒಳ ಅಂಚು 0.25 ಮಿ.ಮೀ. ಇಟ್ಟರೆ ಮುದ್ರಣದಲ್ಲೂ ಭಾಗಗಳು ಬೇರೆಯಾಗಿ ನಿಲ್ಲುತ್ತವೆ.

2ಡಿ ತೆಗೆಯಬೇಡಿ. ತೂತಿನ ಅಂತರ, ಹಲಗೆ ದಪ್ಪ, ಗೋಡೆಯ ಮೇಲೆ ಗುರುತು ಹಾಕುವ ಎತ್ತರ ಇವೆಲ್ಲ ಕೊನೆಯ ಪುಟದಲ್ಲಿ 2ಡಿಯಲ್ಲೇ ಇರಲಿ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಐಸೋಮೆಟ್ರಿಕ್ ಬರೆದು ನೋಡಿದೆ, ಎರಡು ತೊಂದರೆ. 8 ಮಿ.ಮೀ. ಡೋವೆಲ್ (ಹಲಗೆ ಸೇರಿಸುವ ಮರದ ಗೂಟ) ತೂತುಗಳು ಹಲಗೆಯೊಳಗೆ ಕೊರೆದ ಹಾಗಿಲ್ಲ, ಮೇಲೆ ಅಂಟಿಸಿದ ಹಾಗೆ ಕಾಣ್ತವೆ. ಮತ್ತೆ ಹಿಂಬದಿ ಹಲಗೆ ಇಲ್ಲದ ಖಾಲಿ ಚೌಕಟ್ಟು ನೋಡಿದರೆ ಯಾವ ಕಂಬ ಮುಂದೆ, ಯಾವುದು ಹಿಂದೆ ಗೊತ್ತೇ ಆಗ್ತಿಲ್ಲ.

ಉತ್ತರ (ಅವರೇ): ಮೊದಲನೆಯದಕ್ಕೆ ಕಾರಣ, ಒಂದೇ ದೀರ್ಘವೃತ್ತವನ್ನು ಎಲ್ಲ ಮುಖಗಳಿಗೂ ಕಾಪಿ ಮಾಡಿರುತ್ತೀರಿ. ಪೂರ್ತಿ ಅಳತೆಯ ಐಸೋಮೆಟ್ರಿಕ್‌ನಲ್ಲಿ 8 ಮಿ.ಮೀ. ವೃತ್ತದ ಉದ್ದ ಅಕ್ಷ ಸುಮಾರು 9.8, ಗಿಡ್ಡ ಅಕ್ಷ ಸುಮಾರು 5.7 ಮಿ.ಮೀ. ಗಿಡ್ಡ ಅಕ್ಷ ಯಾವಾಗಲೂ ಡ್ರಿಲ್ ಬಿಟ್ ಹೋಗುವ ದಿಕ್ಕಿನಲ್ಲೇ ಇರಬೇಕು. ಹಾಗಾಗಿ ಮೇಲ್ಮುಖದಲ್ಲಿ ಉದ್ದ ಅಕ್ಷ ಅಡ್ಡಕ್ಕೆ. ಬಲಮುಖದಲ್ಲಿ ಅದು ಬಲಕ್ಕೆ 60° ಏರುತ್ತದೆ, ಎಡಮುಖದಲ್ಲಿ ಎಡಕ್ಕೆ 60°.

ಎರಡನೆಯದು ಐಸೋಮೆಟ್ರಿಕ್‌ನ ಹುಟ್ಟುದೋಷ. ಘನವೊಂದರ ತೀರಾ ಹತ್ತಿರದ ಮೂಲೆ, ತೀರಾ ದೂರದ ಮೂಲೆ ಎರಡೂ ಕಾಗದದ ಮೇಲೆ ಒಂದೇ ಬಿಂದುವಿಗೆ ಬೀಳುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಹಿಂದಿನದು ಕಾಣುವುದಿಲ್ಲ, ಪರವಾಗಿಲ್ಲ. ತೆರೆದ ಚೌಕಟ್ಟಿನಲ್ಲಿ ಕಣ್ಣು ಗೊಂದಲಕ್ಕೆ ಬೀಳುತ್ತದೆ. ಆ ಚಿತ್ರ ಒಂದನ್ನು ಡೈಮೆಟ್ರಿಕ್‌ಗೆ (ಎರಡು ಅಕ್ಷಕ್ಕೆ ಒಂದು ಸ್ಕೇಲ್, ಮೂರನೆಯದಕ್ಕೆ ಬೇರೆ) ತಿರುಗಿಸಿ, ಇಲ್ಲವೇ ಒಂದೇ ದಿಕ್ಕಿನ ಮುಖಗಳಿಗೆಲ್ಲ ತಿಳಿ ಬೂದು ತುಂಬಿ. ಹಿಂದಿನ ಕಂಬದ ಗೆರೆಯನ್ನು ಮುಂದಿನದು ದಾಟುವಲ್ಲಿ ಚೂರು ಕತ್ತರಿಸಿದರೂ ಕೆಲಸ ಆಗುತ್ತದೆ.

ಇನ್ನೊಬ್ಬರ ಉತ್ತರ: 2ಡಿ ಪುಟದ ಬಗ್ಗೆ ಒಂದು ಮಾತು. ನೋಟಗಳನ್ನು ಪುಟದ ಮೇಲೆ ಇಡಲು ಎರಡು ಪದ್ಧತಿಗಳಿವೆ. ಫಸ್ಟ್ ಆ್ಯಂಗಲ್‌ನಲ್ಲಿ ಮೇಲಿನ ನೋಟ ಎದುರಿನ ನೋಟದ ಕೆಳಗೆ ಬರುತ್ತದೆ, ಥರ್ಡ್ ಆ್ಯಂಗಲ್‌ನಲ್ಲಿ ಮೇಲೆ. ಎರಡನ್ನು ಬೆರೆಸಿದರೆ ಎಡ-ಬಲ ಅದಲುಬದಲಾಗಿ ತೂತು ತಪ್ಪು ಬದಿಗೆ ಬೀಳುತ್ತದೆ. ಯಾವುದನ್ನು ಬಳಸಿದ್ದೀರಿ ಅಂತ ಮೊಂಡು ಶಂಕುವಿನ ಚಿಹ್ನೆ ಹಾಕಿ.

ಮುಖಪುಟಕ್ಕೆ ಪರ್ಸ್ಪೆಕ್ಟಿವ್ ಚೆನ್ನಾಗಿರುತ್ತದೆ, ಅಲ್ಲಿ ಯಾರೂ ಅಳೆಯುವುದಿಲ್ಲ. ಎರಡು ಲುಪ್ತಬಿಂದುಗಳನ್ನೂ (ದೂರ ಹೋಗುವ ಸಮಾಂತರ ಗೆರೆಗಳು ಕೂಡುವ ಬಿಂದುಗಳು) ಪುಟದ ಆಚೆ, ದೂರ ದೂರ ಇಡಿ. ಹತ್ತಿರ ತಂದರೆ ಮುಂದಿನ ಮೂಲೆ ಚೂಪಾಗಿ ಕಪಾಟು ಮೂತಿ ಚಾಚಿದ ಹಾಗಿರುತ್ತದೆ. ವಸ್ತು 60° ನೋಟದ ಶಂಕುವಿನೊಳಗೆ (ಕಣ್ಣಿನಿಂದ ಶಂಕುವಿನಂತೆ ಹರಡುವ ನೋಟದ ವ್ಯಾಪ್ತಿ) ಕೂತಿರಲಿ.

ಮತ್ತೊಬ್ಬರ ಪ್ರಶ್ನೆ: ಇಲ್ಲೇ ಕೇಳಿಬಿಡ್ತೇನೆ. ಮಾರಾಟದ ವರದಿಗೆ ಪೈ ಚಾರ್ಟ್ 3ಡಿ ಮಾಡಬಹುದಾ?

ಉತ್ತರ: ಬೇಡ. ಅಲ್ಲಿ ದಪ್ಪಕ್ಕೆ ಯಾವ ಅಂಕಿಯೂ ಇಲ್ಲ. ತಟ್ಟೆ ವಾಲಿದಾಗ ಮುಂದಿನ ತುಂಡಿಗೆ ಅಂಚಿನ ದಪ್ಪವೂ ಸೇರಿ, ಹಿಂದಿರುವ ಅಷ್ಟೇ ಪಾಲಿನ ತುಂಡಿಗಿಂತ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಮಾಡೆಲ್ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿದೆ. ನೇರ ಅಲ್ಲಿಂದಲೇ ಐಸೋಮೆಟ್ರಿಕ್ ಸಿಗುತ್ತಾ?

ಉತ್ತರ (ಮೊದಲನೆಯವರು): ಸಿಗುತ್ತದೆ. ಕ್ಯಾಮೆರಾವನ್ನು ಆರ್ಥೋಗ್ರಾಫಿಕ್ (ದೂರ ಹೋದರೂ ಗಾತ್ರ ಕುಗ್ಗದ ನೋಟ) ಮಾಡಿ, ರೊಟೇಶನ್‌ನಲ್ಲಿ ಎಕ್ಸ್ 54.736°, ವೈ 0, ಝಡ್ 45° ಕೊಡಿ. ಎಕ್ಸ್‌ಗೆ 60° ಕೊಟ್ಟರೆ ಹತ್ತಿರಹತ್ತಿರ ಹಾಗೇ ಕಾಣುತ್ತದೆ, ಆದರೆ ಅಗಲ-ಆಳದ ಗೆರೆಗಳು 30°ಗೆ ಬದಲು ಸುಮಾರು 26.6°ಗೆ ಬೀಳುತ್ತವೆ, ಕೈಯಲ್ಲಿ ಬರೆದ ಚಿತ್ರಗಳ ಪಕ್ಕ ಇಟ್ಟರೆ ಹೊಂದುವುದಿಲ್ಲ. ರೆಂಡರ್‌ನಲ್ಲಿ ಮೂರು ಅಕ್ಷವೂ 82%ಕ್ಕೆ ಕುಗ್ಗಿ ಬರುತ್ತವೆ, ಪುಟಕ್ಕೆ ಹಾಕುವಾಗ 1.22 ಪಟ್ಟು ಹಿಗ್ಗಿಸಿ.