ತಟ್ಟೆಗೆ ಹಚ್ಚಿದ ಬಣ್ಣ ಸುಲಿದು ಬರ್ತಿದೆ, ಹರಾಜಿಗೆ ಎರಡೇ ವಾರ ಇದೆ

ಪ್ರಶ್ನೆ:
ಸಹಾಯಾರ್ಥ ಹರಾಜಿಗೆ ಗೋಡೆಗೆ ತೂಗುಹಾಕುವ ತಟ್ಟೆಗಳನ್ನು ಮಾಡುತ್ತಿದ್ದೇನೆ. ಬಿಳಿ ಪಿಂಗಾಣಿ ತಟ್ಟೆ, ಸಾಸರ್‌ಗಳ ಮೇಲೆ ಅಕ್ರಿಲಿಕ್‌ನಲ್ಲಿ ಹೂಬಳ್ಳಿ ಬರೆದು, ಮೇಲೆ ವಾರ್ನಿಷ್ ಹೊಡೆದಿದ್ದೇನೆ. ನೋಡೋಕೆ ಚೆನ್ನಾಗೇ ಇದೆ. ಆದರೆ ಉಗುರು ತಾಗಿದರೆ ಸಾಕು, ವಾರ್ನಿಷ್ ಸಮೇತ ಎದ್ದು ಬರುತ್ತದೆ. ಇನ್ನೊಂದು ಕೋಟ್ ಹೊಡೆದರೆ ನಿಲ್ಲುತ್ತಾ? ಇನ್ನೊಂದು: ಸಾಸರ್ ಮೇಲೆ ಕಪ್ ಕೂರಿಸಿ ಹಾಟ್ ಗ್ಲೂನಲ್ಲಿ ಅಂಟಿಸಿದ್ದೆ, ಅದೂ ಕಿತ್ತು ಬಂತು.

ಉತ್ತರ:
ನಿಲ್ಲಲ್ಲ. ವಾರ್ನಿಷ್ ಹಿಡಿದಿರುವುದು ಬಣ್ಣವನ್ನು, ತಟ್ಟೆಯನ್ನಲ್ಲ. ಪಿಂಗಾಣಿಯ ಮೇಲಿನ ಗ್ಲೇಜ್ ಅಂದರೆ ತೆಳು ಗಾಜಿನ ಪದರ. ಮಾಮೂಲಿ ಅಕ್ರಿಲಿಕ್‌ಗೆ ಅಲ್ಲಿ ಕಚ್ಚಿಕೊಳ್ಳೋಕೆ ಜಾಗವೇ ಇಲ್ಲ. ಡಬ್ಬಿಯ ಮೇಲೆ ಏನು ಬರೆದಿದೆ? ಗಾಜು, ಸೆರಾಮಿಕ್‌ಗೆ ಅಂತ ಇದೆಯಾ?

ಪ್ರಶ್ನೆ ಕೇಳಿದವರು:
ಇಲ್ಲ, ಕ್ಯಾನ್ವಾಸ್‌ಗೆ ಬಳಸುವ ಟ್ಯೂಬ್. ಹೀಗೇ ಓವನ್‌ನಲ್ಲಿ ಇಟ್ಟರೆ ಗಟ್ಟಿಯಾಗಲ್ವಾ?

ಉತ್ತರ:
ಆಗಲ್ಲ. ಓವನ್‌ನಲ್ಲಿ ಗಟ್ಟಿಯಾಗುವ ಬಣ್ಣವೇ ಬೇರೆ. ಇದನ್ನು ಬಿಸಿನೀರಲ್ಲಿ ನೆನೆಸಿ ಸುಲಿದು ತೆಗೆದುಬಿಡಿ. ಬೇಜಾರಾಗುತ್ತೆ, ಗೊತ್ತು. ಉಳಿದ ಚೂರು ನೇಲ್ ಪಾಲಿಶ್ ರಿಮೂವರ್‌ಗೆ ಹೋಗುತ್ತದೆ.

ಆಮೇಲೆ ಸೋಪಿನಲ್ಲಿ ತೊಳೆದು, ಒಣಗಿಸಿ, ಜಿಡ್ಡು ತೆಗೆಯುವ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಅಲ್ಲಿಂದ ಮುಂದೆ ಬಣ್ಣ ಬರುವ ಜಾಗವನ್ನು ಬೆರಳಲ್ಲಿ ಮುಟ್ಟಬೇಡಿ, ಅಂಚು ಹಿಡಿಯಿರಿ. ಸರಿಯಾದ ಬಣ್ಣ ತಂದಮೇಲೂ ಸುಲಿಯುತ್ತಿದ್ದರೆ ಹೆಚ್ಚಾಗಿ ಕಾರಣ ಬೆರಳಿನ ಜಿಡ್ಡೇ.

ಬಣ್ಣ ಪೋರ್ಸಲೇನ್‌ಗೆಂದೇ, ಅಂದರೆ ಪಿಂಗಾಣಿಗೆಂದೇ ಮಾಡಿದ್ದಿರಲಿ. ಉದಾಹರಣೆಗೆ ಪೆಬಿಯೋ ಪೋರ್ಸಲೇನ್ 150: ಬರೆದ ಮೇಲೆ 24 ಗಂಟೆ ಒಣಗಬೇಕು, ನಂತರ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 35 ನಿಮಿಷ. ಓವನ್ 150ಕ್ಕೆ ಏರಿದ ಮೇಲೆ ಆ 35 ನಿಮಿಷ ಎಣಿಸಿ. ಬೇರೆ ಕಂಪನಿಯದಾದರೆ ಅದರ ಡಬ್ಬಿ ಹೇಳಿದ ಲೆಕ್ಕವೇ ಲೆಕ್ಕ. ತಟ್ಟೆಯನ್ನು ತಣ್ಣಗಿರುವ ಓವನ್‌ನಲ್ಲೇ ಇಟ್ಟು ಆಮೇಲೆ ಬಿಸಿ ಮಾಡಿ. ಮುಗಿದ ಮೇಲೂ ಒಳಗೇ ಆರಲಿ, ಇಲ್ಲದಿದ್ದರೆ ಬಿರುಕು ಬಿಡಬಹುದು. ಮೆಲಮೈನ್ ತಟ್ಟೆ ಮಾತ್ರ ಬೇಡ, ಅದು ಪ್ಲಾಸ್ಟಿಕ್.

ಇನ್ನೊಬ್ಬರು:
ಇಷ್ಟೆಲ್ಲ ಯಾಕೆ, ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಓವನ್‌ಗೆ ಇಟ್ಟರೆ ಆಯ್ತಲ್ವಾ? ವೀಡಿಯೋಗಳಲ್ಲಿ ಹಾಗೇ ತೋರಿಸುತ್ತಾರೆ.

ಉತ್ತರ:
ವೀಡಿಯೋ ಮುಗಿಯುವವರೆಗೆ ಇರುತ್ತದೆ! ಮಾಮೂಲಿ ಮಾರ್ಕರ್ ಮಾಸುತ್ತದೆ, ತೊಳೆದರೆ ಹೋಗುತ್ತದೆ. ದುಡ್ಡು ಕೊಟ್ಟು ಕೊಳ್ಳುವವರಿಗೆ ಅದನ್ನು ಕೊಡೋದು ನನಗೆ ಸರಿ ಕಾಣಲ್ಲ. ಪೆನ್ನೇ ಬೇಕಿದ್ದರೆ ಪೋರ್ಸಲೇನ್ ಪೆನ್ ಸಿಗುತ್ತದೆ.

ಕಪ್ಪಿನ ವಿಷಯಕ್ಕೆ ಬಂದರೆ, ನುಣುಪಾದ ಗ್ಲೇಜ್ ಮೇಲೆ ಹಾಟ್ ಗ್ಲೂ ನಿಲ್ಲಲ್ಲ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ತನ್ನಿ. ಅಂಟಿಸುವ ಜಾಗವನ್ನು ಒದ್ದೆ ಸ್ಯಾಂಡ್‌ಪೇಪರ್‌ನಲ್ಲಿ ಸ್ವಲ್ಪ ಒರಟು ಮಾಡಿ. ಹಳೆಯ ಪಾತ್ರೆಗಳ ಗ್ಲೇಜ್‌ನಲ್ಲಿ ಸೀಸ ಇರಬಹುದು, ಹಾಗಾಗಿ ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ಐದು ನಿಮಿಷದಲ್ಲಿ ಹಿಡಿಯುವ ಎಪಾಕ್ಸಿ ಆದರೂ ಒಂದು ದಿನ ಮುಟ್ಟದೆ ಬಿಡಿ. ಓವನ್ ಕೆಲಸ ಮೊದಲು, ಅಂಟು ಆಮೇಲೆ. ಬಿಸಿಗೆ ಎಪಾಕ್ಸಿ ಮೆತ್ತಗಾಗುತ್ತದೆ.

ಪ್ರಶ್ನೆ ಕೇಳಿದವರು:
ಕೆಲವು ತಟ್ಟೆಗೆ ಚಿನ್ನದ ಗೆರೆ ಇದೆ. ಓವನ್ ಇಲ್ಲದಿದ್ದರೆ ಮೈಕ್ರೋವೇವ್ ನಡೆಯುತ್ತಾ?

ಉತ್ತರ:
ಬೇಡವೇ ಬೇಡ. ಚಿನ್ನದ ಗೆರೆ ಮೈಕ್ರೋವೇವ್‌ನಲ್ಲಿ ಕಿಡಿ ಹಾರಿಸುತ್ತದೆ. ಗೆರೆ ಇಲ್ಲದಿದ್ದರೂ ಬಣ್ಣ ಗಟ್ಟಿಯಾಗೋಕೆ ಒಂದೇ ಸಮನೆ ಶಾಖ ಬೇಕು. ಪರಿಚಯದವರ ಓವನ್ ಕೇಳಿ ಪಡೆಯಿರಿ. ಮತ್ತೆ, ತಟ್ಟೆಯ ಹಿಂದೆ ‘ಅಲಂಕಾರಕ್ಕೆ ಮಾತ್ರ, ಊಟಕ್ಕಲ್ಲ’ ಅಂತ ಚೀಟಿ ಅಂಟಿಸಿ. ಕೊಂಡವರು ಅದರಲ್ಲೇ ತಿಂಡಿ ಹಾಕಿಕೊಂಡು ಕೂತರೆ ಕಷ್ಟ.