‘ಮನೆ ಮಂದಿ’ ಗುಂಪಿನಲ್ಲಿ ಮಲಾವಿ ವಿಡಿಯೊ

ಸುಧಾ: (ವಿಡಿಯೊ) ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳಲ್ಲಿ ಮಿಡ್‌ವೈಫ್‌ಗಳು ಗರ್ಭಕೋಶದ ಬಾಯಿ ಕ್ಯಾನ್ಸರನ್ನು ಮೊದಲೇ ತಡೆಯುತ್ತಿದ್ದಾರೆ. ಮನೆಯ ಹೆಂಗಸರೆಲ್ಲ ಪೂರ್ತಿ ನೋಡಿ.

ಶಿವಣ್ಣ ಚಿಕ್ಕಪ್ಪ: ಅಲ್ಲಮ್ಮ, ಸೂಲಗಿತ್ತಿಯರು ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವುದಾ? ಬಡ ದೇಶ ಅಂತ ಏನು ಮಾಡಿದರೂ ನಡೆಯುತ್ತದಾ?

ಸುಧಾ: ಇವರು ಸೂಲಗಿತ್ತಿಯರಲ್ಲ ಚಿಕ್ಕಪ್ಪ, ನರ್ಸಿಂಗ್ ಓದಿದವರು. ಸುಟ್ಟು ತೆಗೆಯುವುದು ಕ್ಯಾನ್ಸರನ್ನಲ್ಲ, ಅದಕ್ಕೂ ಮೊದಲು ಬರುವ ಕಲೆಯನ್ನು. ಎಚ್‌ಪಿವಿ ವೈರಸ್ ಅಂಟಿಕೊಂಡು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಎಚ್‌ಐವಿ ಇದ್ದವರಿಗೆ ಬೇಗ ಆಗುತ್ತದೆ, ಮಲಾವಿಯಲ್ಲಿ ಅದೂ ಜಾಸ್ತಿ. ನಾವು ನರ್ಸ್‌ಗಳು ಹತ್ತಿಯನ್ನು ಅಸಿಟಿಕ್ ಆಸಿಡ್‌ನಲ್ಲಿ ಅದ್ದಿ, ಅಂದರೆ ವಿನಿಗರ್‌ನಲ್ಲಿ ಇರುವುದೇ, ಗರ್ಭಕೋಶದ ಬಾಯಿಗೆ ಒತ್ತಿ ಒಂದು ನಿಮಿಷ ಕಾಯುತ್ತೇವೆ. ಕೆಟ್ಟ ಜಾಗ ಇದ್ದರೆ ಹಾಲಿಗೆ ಕೆನೆ ಕಟ್ಟಿದ ಹಾಗೆ ಬೆಳ್ಳಗೆ ಕಾಣುತ್ತದೆ. ಟ್ರೈನಿಂಗ್‌ನಲ್ಲಿ ಮೊದಲ ಸಲ ಅದನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಪ್ರಶಾಂತ: ಸುಧಕ್ಕ, ಡಾಕ್ಟರಾಗಿ ಒಂದು ಮಾತು. ಬೆಳ್ಳಗಾಗಿದ್ದೆಲ್ಲ ಕೆಟ್ಟದ್ದಲ್ಲ, ಸೋಂಕಿದ್ದರೂ ಹಾಗೇ ಕಾಣಬಹುದು. ಬಯಾಪ್ಸಿ, ಅಂದರೆ ಚೂರು ತೆಗೆದು ಲ್ಯಾಬಿನಲ್ಲಿ ಪರೀಕ್ಷೆ, ಮಾಡದೆ ಸುಟ್ಟರೆ ಬೇಡದವರಿಗೂ ಚಿಕಿತ್ಸೆ ಆಗುತ್ತದೆ. ನಿಜವಾದ ಕ್ಯಾನ್ಸರ್ ಕಣ್ತಪ್ಪಿದರೆ ಇನ್ನೂ ಕಷ್ಟ.

ಸುಧಾ: ಒಪ್ಪುತ್ತೇನೆ. ಅದಕ್ಕೇ ಕಟ್ಟುನಿಟ್ಟಾದ ನಿಯಮ ಇದೆ. ಕಲೆ ಗರ್ಭಕೋಶದ ಬಾಯಿಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹರಡಿದ್ದರೆ, ಒಳಗಿನ ನಾಳಕ್ಕೆ ಇಳಿದಿದ್ದರೆ, ಕ್ಯಾನ್ಸರ್ ಅನ್ನೋ ಅನುಮಾನ ಬಂದರೆ ನರ್ಸ್ ಸುಡುವ ಹಾಗಿಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಆದರೆ ಬಯಾಪ್ಸಿ ರಿಪೋರ್ಟ್ ಬರುವ ಹೊತ್ತಿಗೆ ಆ ಹೆಂಗಸು ಮತ್ತೆ ಬರುತ್ತಾಳಾ ಪ್ರಶಾಂತ?

ಸರೋಜತ್ತೆ: ಶಿವು, ಅಕ್ಕನನ್ನು ಮರೆತೆಯಾ? ಕ್ಯಾಂಪಿನಲ್ಲಿ ಪರೀಕ್ಷೆ ಮಾಡಿ ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಬುತ್ತಿ ಕಟ್ಟಿಕೊಂಡು ಆರೂವರೆ ಬಸ್ಸಿಗೆ ಹೋದಳು, ರಿಪೋರ್ಟ್ ಬಂದಿರಲಿಲ್ಲ. ಇನ್ನೊಂದು ಸಲ ಹೋದರೆ ಡಾಕ್ಟರ್ ಇರಲಿಲ್ಲ. ಮೂರನೇ ಸಲಕ್ಕೆ ಕುಯ್ಲು ಶುರುವಾಗಿತ್ತು, ಕೂಲಿ ಬಿಟ್ಟು ಹೇಗೆ ಹೋಗಲಿ ಅಂತ ಸುಮ್ಮನಾದಳು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೂ ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು.

ಶಿವಣ್ಣ ಚಿಕ್ಕಪ್ಪ: ಮರೆತಿಲ್ಲ ಅಕ್ಕ. ಎರಡನೇ ಸಲ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದವನು ನಾನೇ.

ಸುಧಾ: ನಾನು ಜಗಳ ಮಾಡುತ್ತಿರುವುದು ಇದಕ್ಕೇ ಚಿಕ್ಕಪ್ಪ. ಮಲಾವಿಯ ನ್ಖೋಮಾ ಅನ್ನೋ ಕಡೆ 2013ರಿಂದ ಒಂದೂವರೆ ವರ್ಷದಲ್ಲಿ 7,000ಕ್ಕೂ ಹೆಚ್ಚು ಹೆಂಗಸರನ್ನು ನೋಡಿದರು. ಚಿಕಿತ್ಸೆ ಬೇಕಾದವರಲ್ಲಿ ಹೆಚ್ಚಿನವರಿಗೆ ಅದೇ ದಿನ ಮುಗಿಸಿ ಮನೆಗೆ ಕಳಿಸಿದರು. ಮೊದಲೆಲ್ಲ ಗ್ಯಾಸಿನಿಂದ ತಣ್ಣಗೆ ಮಾಡಿ ಕಲೆ ತೆಗೆಯುತ್ತಿದ್ದರು, ಸಿಲಿಂಡರ್ ಖಾಲಿಯಾದರೆ ಕೆಲಸ ನಿಂತಿತು. ಈಗಿನದು ಕೈಯಲ್ಲಿ ಹಿಡಿಯುವ ಸಾಧನ, ಬ್ಯಾಟರಿಯಲ್ಲೂ ನಡೆಯುತ್ತದೆ. ತುದಿ 100 ಡಿಗ್ರಿ ಕಾಯುತ್ತದೆ, ಅರ್ಧ ನಿಮಿಷ ಒತ್ತಿ ಹಿಡಿದರೆ ಸಾಕು, ಅರಿವಳಿಕೆ ಬೇಡ. ಮುಟ್ಟಿನ ನೋವಿನಂತೆ ಸ್ವಲ್ಪ ಹಿಂಡುತ್ತದೆ, ಅಷ್ಟೇ.

ಪ್ರಶಾಂತ: ಬೇಡದವರಿಗೂ ಆಗುತ್ತದೆ ಅನ್ನೋ ಮಾತು ಹಾಗೇ ಉಳಿಯಿತಲ್ಲ?

ಸುಧಾ: ಉಳಿಯಿತು. ಬೇಡದ ಒಬ್ಬಳಿಗೆ ಅರ್ಧ ನಿಮಿಷದ ನೋವು, ಕೆಲವು ವಾರ ನೀರು ಹೋಗುವುದು. ಬೇಕಾದವಳು ಕೈತಪ್ಪಿದರೆ ದೊಡ್ಡತ್ತೆ ಥರ ಆಗುತ್ತದೆ. ನಮ್ಮ ಪಕ್ಕದ ತಮಿಳುನಾಡಿನ ದಿಂಡಿಗಲ್‌ನಲ್ಲೂ ನರ್ಸ್‌ಗಳೇ ಹೀಗೆ ತಪಾಸಣೆ ಮಾಡಿದ್ದರು. ಪರೀಕ್ಷೆ ನಡೆದ ಹಳ್ಳಿಗಳಲ್ಲಿ ಈ ಕ್ಯಾನ್ಸರ್ ಸಾವು 35% ಕಡಿಮೆ ಆಯಿತು ಅಂತ 2007ರಲ್ಲೇ ವರದಿ ಬಂದಿದೆ.

ಪ್ರಶಾಂತ: ದಿಂಡಿಗಲ್ ಅಧ್ಯಯನ ನಾನೂ ಓದಿದ್ದೇನೆ, ಗಟ್ಟಿ ಕೆಲಸ. ಆದರೆ ಟ್ರೈನಿಂಗ್ ಕೊಟ್ಟು ಕೈಬಿಡಬಾರದು, ಅವರ ಕೆಲಸವನ್ನು ಆಗಾಗ ನೋಡುವವರು ಬೇಕು. ವರ್ಷ ಬಿಟ್ಟು ಮತ್ತೆ ಪರೀಕ್ಷೆಯೂ ಆಗಬೇಕು. ಎಚ್‌ಪಿವಿ ಟೆಸ್ಟ್ ಇನ್ನೂ ಒಳ್ಳೆಯದು, ಮಾದರಿಯನ್ನು ಹೆಂಗಸರೇ ತೆಗೆದುಕೊಳ್ಳಬಹುದು.

ಸುಧಾ: ಅದೂ ಬರಲಿ. ರಿಪೋರ್ಟ್ ಅದೇ ದಿನ ಕೊಡುವ ಹಾಗಿರಬೇಕು, ಅಲ್ವಾ?

ಸರೋಜತ್ತೆ: ಸುಧಾ, ನಿನ್ನ ಹತ್ತಿರ ಪರೀಕ್ಷೆಗೆ ನಾನೂ ಬರಲಾ? ನನಗೆ 58.

ಸುಧಾ: ಮುಟ್ಟು ನಿಂತ ಮೇಲೆ ಆ ಜಾಗ ಒಳಗೆ ಸರಿಯುತ್ತದೆ ಅತ್ತೆ, ವಿನಿಗರ್ ಪರೀಕ್ಷೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ನಿಮಗೆ ಎಚ್‌ಪಿವಿ ಟೆಸ್ಟೇ ಆಗಬೇಕು. ಲಲಿತಾಳನ್ನು ಗುರುವಾರ ಕಳಿಸಿ, ನಾನೇ ಇರುತ್ತೇನೆ. ಮುಟ್ಟಿನ ದಿನ ಬೇಡ.

ಶಿವಣ್ಣ ಚಿಕ್ಕಪ್ಪ: ಗುರುವಾರ ನಾನೇ ಕಾರಲ್ಲಿ ಕರೆದುಕೊಂಡು ಬರುತ್ತೇನೆ. ನಿಮ್ಮ ಚಿಕ್ಕಮ್ಮನೂ ಬರುತ್ತಾಳೆ.